ಸಾಕಮ್ಮನ ಹೆಬ್ಬೆಟ್ಟು

ಛತ್ರದಲ್ಲಿ ಕೂಲಿಗಿದ್ದ ಅರವತ್ತೈದರ ಸಾಕಮ್ಮನನ್ನು ಅಲ್ಲಿನ ಮ್ಯಾನೇಜರು ನೀರಿನ ಟ್ಯಾಂಕು ತೊಳೆಯಲೆಂದು ಗೆದ್ದಲು ಹಿಡಿದ ಏಣಿ ಹತ್ತಿಸಿದ. ಏಣಿ ಮುರಿಯಿತು, ಅವಳ ಸೊಂಟವೂ ಮುರಿಯಿತು.

ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದ ಮಗಳು ರತ್ನಿಗೆ ವಿಡಿಯೊ ಕರೆಯಲ್ಲಿ ಮೊದಲು ಕಂಡದ್ದು ಅವ್ವನ ಮುಖವಲ್ಲ, ಮ್ಯಾನೇಜರು ಹಿಡಿದಿದ್ದ ಕಾಗದ.

"ನಿಮ್ಮವ್ವಂಗೆ ಹೆಬ್ಬೆಟ್ಟು ಒತ್ತಕ್ಕೆ ಹೇಳಮ್ಮ. ಒತ್ತಿದ ತಕ್ಷಣ ದೊಡ್ಡಾಸ್ಪತ್ರೆಗೆ ನನ್ನ ಕಾರಲ್ಲೇ ಕರ್ಕೊಂಡೋಯ್ತೀನಿ."

"ಏನು ಬರ್ದವ್ನೆ, ಓದು ಮಗ," ಎಂದು ಛತ್ರದ ಜಗಲಿಯ ಮೇಲೆ ಮಲಗಿದ್ದ ಸಾಕಮ್ಮ ನರಳಿದಳು.

ರತ್ನಿ ಓದಿದಳು: "ನಾನು ನನ್ನ ಮನೆಯ ಬಚ್ಚಲಲ್ಲಿ ಕಾಲು ಜಾರಿ ಬಿದ್ದೆ." ಅಷ್ಟು ದೂರದಿಂದ ಅವ್ವನನ್ನು ಎತ್ತಲು ಅವಳಿಗೆ ಬೇರೆ ಕೈಯಿರಲಿಲ್ಲ. "ಒತ್ಬುಡವ್ವ. ಮೊದ್ಲು ನಿನ್ನ ಸೊಂಟ ನೆಟ್ಟಗಾಗ್ಲಿ."

ಸಾಕಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

"ನಮ್ಮನೇಲಿ ಬಚ್ಚಲೆಲ್ಲೈತೆ? ಮೊದ್ಲು ಒಂದು ಕಟ್ಟಿಸ್ಕೊಡಾಕೆ ಹೇಳು, ಆಮೇಲೆ ಅದ್ರಲ್ಲಿ ಬೀಳ್ತೀನಿ."