ಬಳೆ ಡಬ್ಬಿಯ ಸ್ಟಿಕರು

ಹೇರ್ ಡ್ರೈಯರಿನ ಬಿಸಿಗೆ ಸ್ಟಿಕರಿನ ಒಂದು ಅಂಚು ಎದ್ದಿತು. ಸಮ್ರೀನ್ ಉಸಿರು ಬಿಗಿಹಿಡಿದು, ಸೂಗಪ್ಪ ಮಾಸ್ತರರು ಫೋನಿನಲ್ಲಿ ಹೇಳಿಕೊಟ್ಟಂತೆ, ಅದನ್ನು ಮೇಲಕ್ಕೆ ಎಳೆಯದೆ ಹಿಂದಕ್ಕೆ ಮಡಚುತ್ತ ಹೋದಳು. ಗುಂಡನೆಯ ಬಂಗಾರದ ಬಣ್ಣದ ಚೂರು ಇಡಿಯಾಗಿ ಉಗುರಿಗೆ ಬಂತು. ಅದರಡಿಯಿಂದ ಒಬ್ಬ ರಾಜಕುಮಾರ ನಲವತ್ತು ವರ್ಷಗಳ ನಂತರ ಕಣ್ಣು ಬಿಟ್ಟು ಅವಳನ್ನು ನೋಡಿದ. ಶೆಲ್ಫಿಗೆ ಬೀಳುವ ಬಿಸಿಲು ಕುಡಿದು ಮುಖಪುಟದ ಕುದುರೆ, ಕೋಟೆ, ಆಕಾಶ ಎಲ್ಲವೂ ಚಹಾದ ಬಣ್ಣಕ್ಕೆ ತಿರುಗಿದ್ದವು. ಮುಖವೊಂದು ಮಾತ್ರ ನಿನ್ನೆ ಅಚ್ಚಾದಂತೆ ಕೆಂಪಗೆ ಹೊಳೆಯುತ್ತಿತ್ತು, ಗೋಡೆಯ ಕಿಂಡಿಯಿಂದ ಯಾರೋ ಇಣುಕಿದ ಹಾಗೆ.

ಇನ್ನೂ ಮೂವತ್ತೇಳು ಪುಸ್ತಕಗಳಿದ್ದವು. ಸಂಜೆಯೊಳಗೆ ಸೂಗಪ್ಪ ಮಾಸ್ತರರು ಬರುವವರಿದ್ದರು. ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅವರು ಯಾದಗಿರಿಯಲ್ಲಿ ಭಾನುವಾರ ಹಳೆಯ ಕಾಮಿಕ್ಸ್ ಪುಸ್ತಕಗಳ ಪ್ರದರ್ಶನ ಇಟ್ಟುಕೊಂಡಿದ್ದರು. ಅವರದು ಒಂದೇ ಷರತ್ತು: "ಸ್ಟಿಕರ್ ತಗದು ಇಡು ತಂಗಿ. ಮಾರಿ ಮುಚ್ಚಿದ ಪುಸ್ತಕ ಗಾಜಿನ ಪೆಟಗ್ಯಾಗ ಇಟ್ರ ಮಂದಿ ನಗ್ತಾರ."

ನಗುವ ಮಾತು ಸಮ್ರೀನಳಿಗೆ ನಾಟಿತ್ತು. ಅವಳ ಅಬ್ಬಾ ಸುಲ್ತಾನಸಾಬ ಸುರಪುರ–ಯಾದಗಿರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಯಾದಗಿರಿ ಸ್ಟೇಷನ್ನಿನ ಅಂಗಡಿಯಿಂದ ಒಂದೊಂದಾಗಿ ತಂದ ಪುಸ್ತಕಗಳಿವು. ಮಕ್ಕಳ ಪುಸ್ತಕ ಓದುತ್ತಾರೆಂದು ಜೊತೆಯವರು ಅವರನ್ನು 'ಒಂದನೇ ಕ್ಲಾಸಿನ ಕಂಡಕ್ಟರ್' ಎಂದು ಛೇಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಮನೆಗೆ ಬಂದವರೊಬ್ಬರು ಹಾಗೆಂದು ನಕ್ಕು ಹೋಗಿದ್ದರು. ಈಗ ಗಾಜಿನ ಪೆಟ್ಟಿಗೆಯ ಮುಂದೆ ಅವರ ಹೆಸರಿನ ಚೀಟಿ ಇರುತ್ತದೆ. ಆ ಒಂದು ಚೀಟಿಗಾಗಿ ಸಮ್ರೀನ್ ತಾನು ಪಾಠ ಮಾಡುವ ಶಹಾಪುರದ ಕಾಲೇಜಿಗೆ ರಜೆ ಹಾಕಿ, ಅಮ್ಮ ಸಂತೆಗೆ ಹೋದ ಹೊತ್ತು ನೋಡಿ ಕುಳಿತಿದ್ದಳು.

ಅಮ್ಮ ಮೌಲಾಬಿಗೆ ಹೇಳಲು ಧೈರ್ಯ ಬಂದಿರಲಿಲ್ಲ. ಸ್ಟಿಕರು ಹಚ್ಚಿದವಳು ಅವಳೇ. ಮೌಲಾಬಿ ಮದುವೆಯಾಗಿ ಬಂದಾಗ ಈ ಮನೆಗೆ ಇದ್ದದ್ದು ಒಂದೇ ಕೋಣೆ. ಊಟವೂ ಇಲ್ಲೇ, ನಮಾಜೂ ಇಲ್ಲೇ. ನಮಾಜಿನ ಜಾಗದಲ್ಲಿ ಇಷ್ಟೊಂದು ಮುಖಗಳು ನೋಡುತ್ತ ನಿಲ್ಲಬಾರದೆಂದು ಮಾವ ಅಮೀನಸಾಬ ಒಂದು ದಿನ ರದ್ದಿಯವನನ್ನು ಬಾಗಿಲಿಗೇ ಕರೆತಂದರು. ಅವನಿಗೆ ನಾಳೆ ಬಾ ಎಂದು ಹೇಳಿದ ಮೌಲಾಬಿ, ಮರುದಿನ ಅವನು ಬರುವುದರೊಳಗೆ, ತಾನು ಮಾರುತ್ತಿದ್ದ ಬಳೆಗಳ ಡಬ್ಬಿಯ ಸ್ಟಿಕರುಗಳನ್ನು ಪ್ರತಿ ಮುಖಕ್ಕೂ ಹಚ್ಚಿಬಿಟ್ಟಿದ್ದಳು. ರದ್ದಿಯವನು ಬರಿಗೈಲಿ ಹೋದ.

ಎರಡನೆಯ ಸ್ಟಿಕರಿನ ಅಂಚು ಎಬ್ಬಿಸುವಾಗ ಚಿಲಕದ ಸದ್ದಾಯಿತು. ಸಮ್ರೀನ್ ಬೆಚ್ಚಿ ಅಂಚನ್ನು ಮೇಲಕ್ಕೆ ಎಳೆದುಬಿಟ್ಟಳು. ಸ್ಟಿಕರಿನ ಜೊತೆ ಮುದಿ ಮಂತ್ರಿಯ ಮೂಗು ಸಿಪ್ಪೆಯಾಗಿ ಎದ್ದು ಬಂತು.

"ಏನ್ ಮಾಡಾಕತ್ತಿ?" ಮೌಲಾಬಿ ಚೀಲ ಇಳಿಸಿದಳು.

"ಅಮ್ಮೀ... ಅಬ್ಬಾರ ಹೆಸರು ಹಾಕ್ತಾರಂತ, ಯಾದಗಿರ್ಯಾಗ. ಮಾರಿ ಕಾಣಬೇಕಂತ."

ಮೌಲಾಬಿ ಹರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. "ಕಂಡಂಗಾತು. ಪಾಪ, ಇವನ ಮೂಗ ಕಿತ್ತಿ."

ಅಷ್ಟರಲ್ಲಿ ಸೂಗಪ್ಪ ಮಾಸ್ತರರು ರಟ್ಟಿನ ಪೆಟ್ಟಿಗೆಯೊಡನೆ ಬಂದರು. ಮೂಗಿಲ್ಲದ ಮಂತ್ರಿಯನ್ನು ನೋಡಿ ತಲೆ ಕೊಡವಿದರು. ರಾಜಕುಮಾರನನ್ನು ಎತ್ತಿ ಬೆಳಕಿಗೆ ಹಿಡಿದು, ಮೆತ್ತಗೆ ಶೆಲ್ಫಿನ ಮೇಲೆ ನಿಲ್ಲಿಸಿದರು. "ಇದು ಚಂದ ಬಂದದ. ಉಳಿದವು ಮುಟ್ಟಬ್ಯಾಡ ತಂಗಿ, ನಾನೇ ಒಯ್ದು ಬಿಡಿಸ್ತೀನಿ." ಆಮೇಲೆ ಮೌಲಾಬಿಯ ಕಡೆ ತಿರುಗಿ, "ಒಯ್ಯಲೇನ್ರಿ ಅಕ್ಕಾ?" ಎಂದರು.

"ಅವರಪ್ಪಂದು. ಅಕಿಗೆ ಕೇಳ್ರಿ."

ಇಬ್ಬರೂ ಸಮ್ರೀನಳನ್ನು ನೋಡಿದರು. ಹೂಂ ಅಂದರೆ ಅಬ್ಬಾರ ಹೆಸರಿಗೊಂದು ಗೌರವ. ಆದರೆ ಅಮ್ಮ ಸ್ಟಿಕರು ಹಚ್ಚಿ ನಲವತ್ತು ವರ್ಷ ಕಾಪಾಡಿದ್ದು ಒಂದು ಸಂಜೆಯಲ್ಲಿ ಕಸದ ಬುಟ್ಟಿಗೆ. ಊಹೂಂ ಅಂದರೆ ಆ ಚೀಟಿ ಇಲ್ಲ. ಅವಳು ಯೋಚಿಸುತ್ತಿರುವಾಗಲೇ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಕೇಳಿಸಿತು. ಮೌಲಾಬಿ ನಮಾಜಿನ ಚಾಪೆ ಬಿಚ್ಚಲು ಹೋಗಿ ತಡೆದು ನಿಂತಳು. ಶೆಲ್ಫಿನ ಮೇಲಿಂದ ರಾಜಕುಮಾರ ನೋಡುತ್ತಿದ್ದ.

"ಮಕಾಡಿ ಹಾಕ್ಲೇನಮ್ಮಿ?" ಎಂದಳು ಸಮ್ರೀನ್, ಪುಸ್ತಕ ಮಗುಚಲು ಕೈ ಚಾಚಿ.

"ಬ್ಯಾಡ. ಪುಸ್ತಕ ಬೆನ್ನ ಮಾಡಿ ಇಟ್ರ ನಿಮ್ಮ ಅಬ್ಬಾರಿಗೆ ಸೇರ್ತಿದ್ದಿಲ್ಲ."

ಮೌಲಾಬಿ ಬಳೆ ಡಬ್ಬಿಯೊಂದರಿಂದ ಸ್ಟಿಕರು ಬಿಡಿಸಿ ತೋರುಬೆರಳಿನ ತುದಿಗೆ ಅಂಟಿಸಿಕೊಂಡಳು. ಶೆಲ್ಫಿನ ಎದುರು ಬಂದು ಕುಳಿತು, ಕಣ್ಣು ಬಿಗಿಯಾಗಿ ಮುಚ್ಚಿ, ಬೆರಳು ಮುಂದೆ ಚಾಚಿದಳು.

"ಹೂಂ, ಹೇಳು."

"ಏನ್ ಹೇಳ್ಲಿ?"

"ಎಲ್ಲಿ ಹಚ್ಚಬೇಕಂತ. ಮಾರಿ ನೋಡಿದ್ರ ಮುಚ್ಚಾಕ ನಂಗ ಕೈ ಬರಂಗಿಲ್ಲ. ಒಂದೂ ನೋಡಿ ಹಚ್ಚಿಲ್ಲ ನಾ. ನಿಮ್ಮ ಅಬ್ಬಾನೇ ಬಾಜೂಕ ಕುಂತು ಹೇಳೋರು, ಎಡಕ್ಕ ಬಾ, ಮ್ಯಾಲ ಹೋಗು ಅಂತ. ಒಮ್ಮೊಮ್ಮೆ ಬೇಕಂತ ಕುದರಿ ಬಾಲದ ತನಕಾ ಒಯ್ದು ನಗೋರು, ಆಮ್ಯಾಲ ಮಾರಿಗೆ ತರೋರು."

ಸಮ್ರೀನ್ ಶೆಲ್ಫನ್ನು ನೋಡಿದಳು. ಬಂಗಾರದ ಚುಕ್ಕೆಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದೂ ನೆಟ್ಟಗೆ ಮುಖದ ನಡುವೆ. ಅವನ್ನೇ ಒಂದೊಂದಾಗಿ ನೋಡುತ್ತ ಹೋದಳು. ಅಮ್ಮನ ಬೆರಳು ರಾಜಕುಮಾರನ ಮುಖ ತಪ್ಪಿ ಕೋಟೆಯ ಗೋಡೆಯ ಕಡೆಗೆ ಹೊರಟಿತ್ತು.

ಸೂಗಪ್ಪ ಮಾಸ್ತರರು ರಟ್ಟಿನ ಪೆಟ್ಟಿಗೆ ಕೆಳಗಿಟ್ಟು, ಮೊಣಕಾಲೂರಿ ಬಗ್ಗಿದರು.

"ಇನ್ನೊಂಚೂರು ಬಲಕ್ಕ ಬರ್ರಿ ಅಕ್ಕಾ," ಎಂದರು.