ಬಿಸಿಲಿಗೆ ಕಾದ ಡಬ್ಬ

ಮುಚ್ಚಳವನ್ನು ಅರ್ಧ ತಿರುವುತ್ತಲೇ ಬುಸ್ಸೆಂದು ಪೆಟ್ರೋಲು ಚಿಮ್ಮಿ ಮೊಯ್ದಿನ್ ಕುಂಞಿಯ ಗಡ್ಡ, ಕತ್ತು, ಅಂಗಿಯನ್ನೆಲ್ಲ ತೋಯಿಸಿತು. ಗಲ್ಫಿನ ಐನ್ ಖಾಲಿದ್‌ನಲ್ಲಿ ಅವನು ತೋಟದ ಕೆಲಸಕ್ಕಿದ್ದ ವಿಲ್ಲಾದ ಬೇಲಿಗಿಡ ಕತ್ತರಿಸುವ ಮೆಷಿನ್ನಿಗೆಂದು ಅವನ ಧಣಿ ಅರಬಾಬ್ ತರಿಸಿದ್ದ ಹೊಸ ಡಬ್ಬ ಅದು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಬರುತ್ತಿತ್ತು, ಅಳೆದು ಬೆರೆಸುವ ರಗಳೆಯಿಲ್ಲ. ಬೆಳಗಿನಿಂದ ಪಿಕಪ್ಪಿನಲ್ಲಿ ಬಿಸಿಲಿಗೆ ಕಾದು ಉಬ್ಬಿದ್ದನ್ನು ಅವನು ಗಮನಿಸಿರಲಿಲ್ಲ.

ಅವನ ಕೂಗು ಕೇಳಿ ಅರಬಾಬ್ ದಾಪುಗಾಲಿಡುತ್ತ ಬಂದರು. "ಕ್ಯಾ ಹುವಾ, ಮೊಯ್ದಿನ್?" ಅವರ ಬೆರಳ ಸಂದಿಯಲ್ಲಿ ಸಿಗರೇಟು ಹೊಗೆಯಾಡುತ್ತಿತ್ತು. ಮೊಯ್ದಿನ್‌ನ ಕಣ್ಣು ಅದರ ತುದಿಯ ಕೆಂಡದ ಮೇಲೆ ನಿಂತಿತು. ಒಂಬತ್ತು ವರ್ಷಗಳಲ್ಲಿ ಅವರೆದುರು "ಹಾಂ ಅರಬಾಬ್" ಎನ್ನುವುದಕ್ಕಿಂತ ಹೆಚ್ಚು ಮಾತಾಡಿದವನಲ್ಲ ಅವನು. ಹಿಂದೆ ಸರಿದ, ಬೆನ್ನಿಗೆ ಗೋಡೆ ತಗಲಿತು. ಅವನ ಮುಖ ಒರೆಸಲೆಂದು ತಮ್ಮ ತಲೆಯ ಬಟ್ಟೆಯನ್ನೇ ಕಳಚುತ್ತ ಅವರು ಇನ್ನೂ ಹತ್ತಿರ ಬಂದರು.

"ಅಲ್ಲೇ ನಿಲ್ಲಿ!" ಊರಿನ ಮಾತಿನಲ್ಲೇ ಕಿರುಚಿದ. "ಬರಬೇಡಿ! ಸಿಗರೇಟು, ಅರಬಾಬ್, ಸಿಗರೇಟು!"

ಅವರಿಗೆ ತಿಳಿದದ್ದು ಆ ಒಂದೇ ಪದ. ನಿಂತರು. ತಮ್ಮ ಕೈ ನೋಡಿಕೊಂಡರು, ಅವನ ಒದ್ದೆ ಅಂಗಿ ನೋಡಿದರು. ಮೆಲ್ಲಮೆಲ್ಲನೆ ಹಿಂದಕ್ಕೆ ನಡೆದು, ಖರ್ಜೂರದ ಬುಡದಲ್ಲಿ ನಿಂತಿದ್ದ ನೀರಿಗೆ ಸಿಗರೇಟನ್ನು ಅದ್ದಿದರು. ಆಮೇಲೆ ಗಿಡಗಳಿಗೆ ನೀರು ಬಿಡುವ ಪೈಪನ್ನು ತಾವೇ ಎಳೆದು ತಂದು ಅವನ ತಲೆಯ ಮೇಲೆ ಹಿಡಿದರು.