ಹತ್ತದೆ ಬಿಟ್ಟ ಗೋಪುರ

ಪರದೆಯ ಮೇಲಿದ್ದ ಮೂವರು ಪ್ರೊಫೆಸರರು ಚಪ್ಪಾಳೆ ತಟ್ಟಿದರು. ಗಾನವಿಗೆ ಬೊಲೋನ್ಯಾ ವಿಶ್ವವಿದ್ಯಾಲಯದ ಡಿಗ್ರಿ ಬಂದಿತ್ತು. ಅವಳು ಲ್ಯಾಪ್‌ಟಾಪ್ ಮುಚ್ಚಿ, ಕ್ವಾಲಾಲಂಪುರದ ಬಾಂಗ್ಸಾರ್ ಬಡಾವಣೆಯ ತಮ್ಮ ಫ್ಲಾಟಿನ ಊಟದ ಮೇಜಿಗೆ ತಲೆಯಾನಿಸಿ ಬಿಕ್ಕತೊಡಗಿದಳು. ಕೇಸರಿಬಾತಿನ ತಟ್ಟೆ ಹಿಡಿದು ಬಂದ ತಾಯಿ ಚಂಪಾ ಬೆಪ್ಪಾಗಿ ನಿಂತಳು. ಫೇಲಾದವರು ಅಳುವುದನ್ನು ಕಂಡಿದ್ದಳು, ಪಾಸಾದವರು ಅಳುವುದನ್ನಲ್ಲ.

“ಅಲ್ಲೇ ಇದ್ದಿದ್ರೆ ಇವತ್ತು ಟವರ್ ಹತ್ತಬಹುದಿತ್ತಮ್ಮ,” ಎಂದಳು ಗಾನವಿ.

ಚಂಪಾಗೆ ಚುರುಕ್ಕೆಂದಿತು. ಇಟಲಿಯ ಆ ಹಳೇ ಊರಿನ ನಡುಮಧ್ಯೆ ಒಂದು ಇಟ್ಟಿಗೆಯ ಗೋಪುರ. ಡಿಗ್ರಿ ಮುಗಿಯುವ ಮುಂಚೆ ಅದನ್ನು ಹತ್ತಿದವರಿಗೆ ಡಿಗ್ರಿ ದಕ್ಕುವುದಿಲ್ಲವೆಂದು ವಿದ್ಯಾರ್ಥಿಗಳ ನಂಬಿಕೆ. ಜೊತೆಯವರು ನಗುತ್ತ ಹತ್ತಿಳಿದಿದ್ದರು, ಪಾಸೂ ಆದರು. ಚಂಪಾ ಮಾತ್ರ ಫೋನಿನಲ್ಲಿ, “ಆ ಊರಿನ ಶಾಸ್ತ್ರ ಆ ಊರಿಗೆ ದೊಡ್ಡದು ಕಣೇ, ಮೀರಬೇಡ” ಎಂದು ಮೈಸೂರಿನ ಬುದ್ಧಿ ಹೇಳಿದ್ದಳು. ಹುಡುಗಿ ಗೋಪುರದ ಬುಡದಲ್ಲೇ ಓಡಾಡಿಕೊಂಡಿದ್ದಳು. ಅಷ್ಟರಲ್ಲಿ ಕೊರೋನಾ ಬಂತು. ಒಂದೇ ಸೂಟ್‌ಕೇಸಿನೊಂದಿಗೆ ಕ್ವಾಲಾಲಂಪುರಕ್ಕೆ ಮರಳಿದವಳು ಉಳಿದ ಓದನ್ನೆಲ್ಲ ಈ ಮೇಜಿನ ಮೇಲೇ ಮುಗಿಸಿದಳು. ಈಗ ಬೊಲೋನ್ಯಾದಿಂದಲೇ ಪಿಎಚ್‌ಡಿಗೆ ಕರೆ ಬಂದಿದೆ. ಟೀವಿಯಲ್ಲಿ ಆ ದೇಶದ ಶವಪೆಟ್ಟಿಗೆಗಳನ್ನು ನೋಡಿ ನಡುಗಿಹೋಗಿದ್ದ ಚಂಪಾ, ‘ಅಲ್ಲಿಯ ಸಹವಾಸವೇ ಬೇಡ’ ಎಂದು ಹಟ ಹಿಡಿದು ಕೂತಿದ್ದಳು.

“ಏಳು, ಮಾಸ್ಕ್ ಹಾಕ್ಕೋ,” ಎಂದಳು ಈಗ. “ನಮ್ಮ ಬಿಲ್ಡಿಂಗೇನು ಕಮ್ಮಿ ಎತ್ತರವಾ? ಟೆರೇಸ್‌ವರೆಗೂ ಹತ್ತಿಬಿಡೋಣ.”

“ಲಿಫ್ಟ್ ಇದೆ ಲಾ, ಅಮ್ಮಾ! ನಿನ್ನ ಮಂಡಿ ಏನಾಗಬೇಕು?” ಗಾನವಿ ಮಲೇಷ್ಯಾದವರ ‘ಲಾ’ ಸೇರಿಸಿ ರಾಗವೆಳೆದಳು.

“ಲಿಫ್ಟಲ್ಲಿ ಹೋದ್ರೆ ಅದನ್ನ ಹತ್ತೋದು ಅಂತಾರಾ?”

ಅರ್ಧದಿಂದ ಹತ್ತಿದರೆ ಲೆಕ್ಕಕ್ಕಿಲ್ಲವೆಂದು ಮೊದಲು ನೆಲಮಹಡಿಗೆ ಇಳಿದರು. ಹತ್ತುತ್ತ ಹತ್ತುತ್ತ ಗಾನವಿಯ ಬಾಯಿ ಬಿಚ್ಚಿತು. ಮಳೆ ಬಂದರೂ ಕೊಡೆ ಬೇಡದ, ಬೀದಿಯುದ್ದಕ್ಕೂ ಇರುವ ಆ ಕಮಾನಿನ ಜಗಲಿಗಳು, ನಿಂತೇ ಕುಡಿಯುವ ಕಾಫಿ, ನೂರಾರು ವರ್ಷ ಹಿಂದಿನ ವಿದ್ಯಾರ್ಥಿಗಳ ಮನೆತನದ ಲಾಂಛನಗಳನ್ನು ಬರೆದಿಟ್ಟ ಗೋಡೆ, ಒಗ್ಗರಣೆಯ ಘಾಟಿಗೆ ಕೆಮ್ಮುತ್ತ ಬಂದು ಚಿತ್ರಾನ್ನ ತಿಂದು ಹೋಗುತ್ತಿದ್ದ ಪಕ್ಕದ ಮನೆ ಮುದುಕಿ. ಚಂಪಾಗೆ ಇದೊಂದೂ ಗೊತ್ತಿರಲಿಲ್ಲ. ‘ಊಟ ಆಯ್ತಾ, ಸ್ವೆಟರ್ ಹಾಕ್ಕೊಂಡ್ಯಾ’ ಎಂಬುದರಾಚೆ ಅವಳು ಏನನ್ನೂ ಕೇಳಿರಲಿಲ್ಲ. ಮಗಳ ದನಿ ಇಷ್ಟು ಹಗುರಾಗಿದ್ದು ಎಷ್ಟು ದಿನವಾಗಿತ್ತೋ! ಕೇಳುತ್ತ ಕೇಳುತ್ತ ಖುಷಿಯೂ ಆಯಿತು, ಸಂಕಟವೂ ಆಯಿತು.

ಕೊನೆಗೆ ನೋಡಿದರೆ ಟೆರೇಸಿನ ಬಾಗಿಲಿಗೆ ಬೀಗ. ಲಾಕ್‌ಡೌನ್ ಮುಗಿಯುವವರೆಗೆ ಪ್ರವೇಶವಿಲ್ಲವೆಂದು ಚೀಟಿ ಅಂಟಿಸಿದ್ದರು. ಗಾನವಿ ನಕ್ಕುಬಿಟ್ಟಳು. “ನನ್ನ ಹಣೆಬರಹ ನೋಡಮ್ಮ! ಇರ್ಲಿ ಬಿಡು. ಇಷ್ಟು ಹತ್ತಿದ್ವಲ್ಲ, ಸಾಕು.”

ಚಂಪಾ ಕೊನೆಯ ಮೆಟ್ಟಿಲ ಮೇಲೆ ಕುಸಿದು, ಮಂಡಿ ಹಿಡಿದುಕೊಂಡು ಸುಧಾರಿಸಿಕೊಂಡಳು.

“ಸಾಲದು,” ಎಂದಳು. “ಬರ್ತೀನಿ ಅಂತ ಆ ಪಿಎಚ್‌ಡಿಯವರಿಗೆ ಬರೆದುಬಿಡು. ಹೋದ ದಿನಾನೇ ಟವರ್ ಹತ್ತು, ಇನ್ಯಾವ ಶಾಸ್ತ್ರಾನೂ ನನ್ನ ಕೇಳಬೇಡ. ಹತ್ತೋಕೆ ಮುಂಚೆ ಮಾತ್ರ ಒಂದು ಫೋನ್ ಮಾಡು. ನಾನೂ ಇಲ್ಲಿ ಕೆಳಗಿಂದ ಹೊರಡ್ತೀನಿ.”